ಗೆಲುವಿನ ನಕ್ಷೆ ಯಾರ ಕೈಯಲ್ಲಿದೆ?

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಜೂಜು ಹರಾಮ್ ಎಂದು ಹೇಳುವುದಕ್ಕಾಗಿಯೇ ನಿಮ್ಮನ್ನು ಇಲ್ಲಿಗೆ ಕರೆಸಬೇಕಾಗಿರಲಿಲ್ಲ. ಅದನ್ನು ನಮ್ಮ ಮಕ್ಕಳು ಮದ್ರಸದ ಕೆಳ ತರಗತಿಯಲ್ಲೇ ಕಲಿಯುತ್ತಾರೆ. ಬಸ್ ನಿಲ್ದಾಣದ ಹಿಂದೆ ಇಸ್ಪೀಟಾಡುವವರ ಬಳಿ ನಮ್ಮ ಮನೆಯ ಹುಡುಗ ನಿಂತಿದ್ದರೆ, ಕಂಡವರು ಸಂಜೆಯೊಳಗೆ ತಂದೆಯ ಕಿವಿಗೆ ಮುಟ್ಟಿಸುತ್ತಾರೆ. ಮಟ್ಕಾ ಬರೆಯುವವನ ಮನೆಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ. ಅಷ್ಟರ ಮಟ್ಟಿಗೆ ಸಮಾಜದ ಕಣ್ಣು ಇನ್ನೂ ಎಚ್ಚರವಾಗಿದೆ.

ಆದರೆ ಈಗ ಬಂದಿರುವ ಜೂಜು ಆ ಕಣ್ಣಿಗೆ ಬೀಳುವುದಿಲ್ಲ. ಅದು ಮನೆಯ ನಡುಮನೆಯಲ್ಲೇ, ತಾಯಿಯ ಎದುರಿನಲ್ಲೇ ನಡೆಯುತ್ತದೆ. ಹುಡುಗ ಮೊಬೈಲಿನಲ್ಲಿ ಗೆರೆಗಳನ್ನು ನೋಡುತ್ತಿರುತ್ತಾನೆ. ಕೆಂಪು ಹಸಿರು ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾನೆ. ಏನಪ್ಪಾ ಇದು ಎಂದು ಕೇಳಿದರೆ, 'ಅನಾಲಿಸಿಸ್ ಅಮ್ಮಾ, ಕ್ರಿಪ್ಟೋ' ಎನ್ನುತ್ತಾನೆ. ಮಗ ಏನೋ ವಿದ್ಯೆ ಕಲಿಯುತ್ತಿದ್ದಾನೆಂದು ತಾಯಿ ಸಂತೋಷಪಡುತ್ತಾಳೆ. ಜೂಜು ಎಂಬ ಹೆಸರನ್ನು ಕಳಚಿಟ್ಟು, ಲೆಕ್ಕಶಾಸ್ತ್ರದ ಅಂಗಿ ತೊಟ್ಟು ಬಂದಿರುವ ಈ ಜೂಜಿನ ಬಗ್ಗೆಯೇ ಇಂದು ಮಾತನಾಡಬೇಕಾಗಿದೆ. ಅದು ಲೆಕ್ಕದ ಮಾತನ್ನಾಡುವುದರಿಂದ ನಾವೂ ಲೆಕ್ಕದ ಭಾಷೆಯಲ್ಲೇ ಉತ್ತರ ಕೊಡೋಣ.

ಹಳೆಯ ಸರಕು, ಹೊಸ ಚೀಲ

ನಮ್ಮ ರಾಜ್ಯಕ್ಕೆ ಜೂಜು ಹೊಸದಲ್ಲ. ಅಂದರ್ ಬಾಹರ್ ಇತ್ತು, ಮಟ್ಕಾ ಇತ್ತು, ಲಾಟರಿ ಇತ್ತು. 2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 2007ರಲ್ಲಿ, ಕರ್ನಾಟಕದಲ್ಲಿ ಲಾಟರಿ ನಿಷೇಧವಾಯಿತು. ಕೂಲಿಕಾರರ ಎಷ್ಟೋ ಮನೆಗಳು ಅಂದು ನಿಟ್ಟುಸಿರು ಬಿಟ್ಟವು. ಆದರೆ 2015ರಲ್ಲಿ ಒಂದಂಕಿ ಲಾಟರಿ ಹಗರಣ ಬಯಲಾದಾಗ, ನಿಷೇಧಿತ ದಂಧೆ ಗುಟ್ಟಾಗಿ ನಡೆಯುತ್ತಲೇ ಇತ್ತೆಂಬುದು ತಿಳಿಯಿತು. ಆಮೇಲೆ ಐಪಿಎಲ್ ಬೆಟ್ಟಿಂಗ್ ಬಂತು. ಅದರ ಬೆನ್ನಿಗೇ ಮೊಬೈಲಿನೊಳಗೆ ಆಟದ ಆ್ಯಪ್‌ಗಳು ಬಂದವು.

2021ರಲ್ಲಿ ರಾಜ್ಯ ಸರಕಾರವು ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದು ಅಕ್ಟೋಬರ್ 5ರಂದು ಜಾರಿಗೆ ಬಂತು. ಕಂಪೆನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಇತ್ತ ಕೇಂದ್ರ ಸರಕಾರವು 2023ರ ಅಕ್ಟೋಬರ್ 1ರಿಂದ ಈ ಆಟಗಳ ಪಣದ ಮೇಲೆ ಶೇ. 28 ಜಿಎಸ್‌ಟಿ ವಿಧಿಸಿತು. ಅದೇ ಕಾಲದಲ್ಲಿ ಅಂಥದೇ ಒಂದು ಆ್ಯಪ್‌ನ ಹೆಸರನ್ನು ಎದೆಯ ಮೇಲೆ ಧರಿಸಿ ಭಾರತದ ಕ್ರಿಕೆಟ್ ತಂಡ ಮೈದಾನಕ್ಕಿಳಿಯುತ್ತಿತ್ತು. ದೇಶವೇ ಹೆಮ್ಮೆಪಡುವ ಅಂಗಿಯ ಮೇಲಿರುವ ಹೆಸರನ್ನು ಹದಿನೆಂಟರ ಹುಡುಗ ಕೆಟ್ಟದ್ದೆಂದು ಹೇಗೆ ತಿಳಿಯಬೇಕು? ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದೊಡ್ಡ ದೊಡ್ಡ ಕಂಪೆನಿಗಳು ಒಂದೆರಡು ದಿನಗಳಲ್ಲೇ ಹಣದ ಆಟ ನಿಲ್ಲಿಸಿದವು.

ಅದೇ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಶಾಸಕರೊಬ್ಬರನ್ನು ಆನ್‌ಲೈನ್ ಬೆಟ್ಟಿಂಗ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯವು ಬಂಧಿಸಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಜೂಜು ಗಲ್ಲಿಯ ಪೋಕರಿ ಹುಡುಗರ ಚಟವೆಂದು ತಳ್ಳಿಹಾಕುವ ಕಾಲ ಮುಗಿದಿದೆಯೆಂಬುದನ್ನು ತಿಳಿಯಲು ಆ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ.

ಇಲ್ಲಿನ ಬಾಗಿಲು ಮುಚ್ಚಿದೊಡನೆ ವಿದೇಶದ ಬಾಗಿಲು ತೆರೆದುಕೊಂಡಿದೆ. ಕ್ರಿಪ್ಟೋ ಕರೆನ್ಸಿಯಲ್ಲಿ ಆಡಿಸುವ ಅನೇಕ ತಾಣಗಳು ಕೆರಿಬಿಯನ್ ಸಮುದ್ರದ ಕುರಸಾವ್ ಎಂಬ ಪುಟ್ಟ ದ್ವೀಪದ ಪರವಾನಿಗೆ ಪಡೆದಿವೆ. ಮಳವಳ್ಳಿಯ ಹುಡುಗ ಅಪರಿಚಿತನೊಬ್ಬನ ಖಾತೆಗೆ ಫೋನಿನಿಂದ ರೂಪಾಯಿ ಕಳುಹಿಸುತ್ತಾನೆ, ಅವನು ಇವನಿಗೆ ಡಾಲರಿಗೆ ಸಮನಾದ ಡಿಜಿಟಲ್ ನಾಣ್ಯ ಕೊಡುತ್ತಾನೆ, ಅದು ತಾಣದೊಳಕ್ಕೆ ಹೋಗುತ್ತದೆ. ಅಲ್ಲಿ ಅನ್ಯಾಯವಾದರೆ ಮಂಡ್ಯದ ಠಾಣೆಯಲ್ಲಿ ಕೊಡುವ ದೂರು ಆ ದ್ವೀಪವನ್ನು ತಲುಪುವುದು ಸುಲಭವಲ್ಲ.

ಕೃಷ್ಣರಾಜಸಾಗರದ ಗೆರೆ, ಜೂಜಿನ ಗೆರೆ

ಆ ಹುಡುಗ ನೋಡುವ ಗೆರೆ ಯಾವುದು? ಇಂಥ ತಾಣಗಳಲ್ಲಿ ಬಹು ಜನಪ್ರಿಯವಾದ ಒಂದು ಆಟವಿದೆ. ಪರದೆಯ ಮೇಲೆ ಒಂದು ಅಂಕಿ ಒಂದರಿಂದ ಶುರುವಾಗಿ ಏರುತ್ತಾ ಹೋಗುತ್ತದೆ. ಯಾವುದೋ ಒಂದು ಕ್ಷಣದಲ್ಲಿ ಅದು ಕುಸಿಯುತ್ತದೆ. ಕುಸಿಯುವ ಮೊದಲೇ ಹಣ ಹಿಂತೆಗೆದುಕೊಂಡರೆ ಅಷ್ಟು ಪಟ್ಟು ಲಾಭ, ಇಲ್ಲವಾದರೆ ಪಣವೇ ಹೋಯಿತು. ಹಿಂದಿನ ಸುತ್ತುಗಳ ಫಲಿತಾಂಶವನ್ನು ತಾಣವೇ ಕೆಂಪು ಹಸಿರು ಬಣ್ಣಗಳಲ್ಲಿ ಸಾಲಾಗಿ ತೋರಿಸುತ್ತದೆ. ಹುಡುಗರು ಅದನ್ನು ಬರೆದುಕೊಂಡು ನಕ್ಷೆ ಬಿಡಿಸುತ್ತಾರೆ. 'ಐದು ಸಲ ಕೆಂಪು ಬಂದಿದೆ, ಇನ್ನು ಹಸಿರು ಬರಲೇಬೇಕು' ಎನ್ನುತ್ತಾರೆ. ಇದಕ್ಕೆ ಪ್ಯಾಟರ್ನ್ ಎಂದು ಹೆಸರಿಟ್ಟಿದ್ದಾರೆ.

ಮಂಡ್ಯದ ಜನರಿಗೆ ನಕ್ಷೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಂದರೆ ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ನಾವು ಪತ್ರಿಕೆಯಲ್ಲಿ ದಿನವೂ ನೋಡುತ್ತೇವೆ. ಗರಿಷ್ಠ ಮಟ್ಟ 124.80 ಅಡಿ. ಇಂದು 110 ಅಡಿಯಿದ್ದು ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದರೆ, ನಾಳೆ ಮಟ್ಟ ಏರುತ್ತದೆಂದು ಶಾಲೆಗೆ ಹೋಗದ ರೈತನೂ ಹೇಳಬಲ್ಲ. ಏಕೆ? ನಿನ್ನೆ ಬಂದ ನೀರು ಇಂದೂ ಅಣೆಕಟ್ಟಿನಲ್ಲೇ ಇದೆ. ನಿನ್ನೆಗೂ ಇಂದಿಗೂ ಸಂಬಂಧವಿದೆ. ಅಣೆಕಟ್ಟಿಗೆ ನೆನಪಿದೆ ಎಂದರೂ ತಪ್ಪಾಗದು. ಬೆಲ್ಲದ ಧಾರಣೆಯೂ ಹಾಗೆಯೇ, ಮದ್ದೂರಿನ ಎಳನೀರಿನ ಧಾರಣೆಯೂ ಹಾಗೆಯೇ. ಬಿಸಿಲು, ಹಬ್ಬ, ಸಾಗಾಟ, ಬೇಡಿಕೆ ಇವೆಲ್ಲ ಅದರ ಹಿಂದೆ ಕೆಲಸ ಮಾಡುತ್ತವೆ. ಅಲ್ಲಿ ಗೆರೆ ಬಿಡಿಸಿ ಯೋಚಿಸುವುದು ವಿವೇಕ.

ಜೂಜಿನ ಯಂತ್ರಕ್ಕೆ ಆ ನೆನಪಿಲ್ಲ. ಪ್ರತಿ ಸುತ್ತೂ ಹಿಂದಿನದರ ಹಂಗಿಲ್ಲದೆ ಹೊಸದಾಗಿ ಹುಟ್ಟುತ್ತದೆ. ಮನೆಯ ಪಾಲು ಶೇ. 1 ಇರುವ ಆಟದಲ್ಲಿ ಅಂಕಿಯು ಎರಡು ಪಟ್ಟು ತಲುಪುವ ಸಾಧ್ಯತೆ 100ರಲ್ಲಿ 49.5. ಹತ್ತು ಪಟ್ಟು ತಲುಪುವ ಸಾಧ್ಯತೆ 9.9. ಐದು ಸಲ ಕೆಂಪು ಬಂದ ಮೇಲೂ ಆರನೆಯ ಸಲಕ್ಕೆ ಅದು 49.5 ಆಗಿಯೇ ಇರುತ್ತದೆ. ಐವತ್ತು ಸಲ ಬಂದ ಮೇಲೂ ಅಷ್ಟೇ. ನೀರಿಲ್ಲದ ಅಣೆಕಟ್ಟಿನ ಮಟ್ಟ ಅಳೆಯಲು ಕುಳಿತವನಂತೆ ಆ ಹುಡುಗ ನಕ್ಷೆ ಬಿಡಿಸುತ್ತಿದ್ದಾನೆ. ತಾಣವು ಆ ಬಣ್ಣಗಳನ್ನು ತೋರಿಸುವುದು ಅವನಿಗೆ ಜ್ಞಾನ ಕೊಡಲಿಕ್ಕಲ್ಲ. ಅರ್ಥವಿಲ್ಲದಲ್ಲಿ ಅರ್ಥ ಹುಡುಕುವ ಮನುಷ್ಯ ಸ್ವಭಾವವನ್ನು ಅದು ಚೆನ್ನಾಗಿ ಅರಿತಿದೆ.

ತಕ್ಕಡಿ ಸರಿಯಿದೆ, ವ್ಯಾಪಾರ ಸರಿಯಿದೆಯೇ?

ಇಲ್ಲಿ ಓದಿದ ಯುವಕರು ಒಂದು ವಾದ ಮುಂದಿಡುತ್ತಾರೆ. 'ಮಟ್ಕಾದವನು ಮೋಸ ಮಾಡಬಹುದು, ಇಲ್ಲಿ ಮೋಸವೇ ಇಲ್ಲ. ಪ್ರತಿ ಸುತ್ತನ್ನೂ ನಾವೇ ಪರೀಕ್ಷಿಸಬಹುದು' ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆಟಕ್ಕೆ ಮೊದಲೇ ತಾಣವು ತನ್ನ ಗುಪ್ತ ಸಂಖ್ಯೆಯನ್ನು ಅರಗಿನ ಮುದ್ರೆ ಹಾಕಿದ ಲಕೋಟೆಯಂತೆ ಸಂಕೇತ ರೂಪದಲ್ಲಿ ಕೊಟ್ಟಿರುತ್ತದೆ. ಆಟ ಮುಗಿದ ಮೇಲೆ ಲಕೋಟೆ ಒಡೆದು, ಒಳಗಿನದು ಬದಲಾಗಿಲ್ಲವೆಂದು ಗಣಿತದ ಮೂಲಕ ಖಚಿತಪಡಿಸಿಕೊಳ್ಳಬಹುದು.

ಸಹೋದರರೇ, ಮಾರುಕಟ್ಟೆಯ ತಕ್ಕಡಿಗೆ ಸರಕಾರದ ಮುದ್ರೆಯಿರುತ್ತದೆ. ತೂಕ ಸರಿಯಿದೆ ಎಂದಷ್ಟೇ ಆ ಮುದ್ರೆಯ ಅರ್ಥ. ನೂರು ರೂಪಾಯಿಯ ಬೆಲ್ಲವನ್ನು ತೊಂಬತ್ತೊಂಬತ್ತಕ್ಕೆ ಮಾರುವವನಿಗೆ ಲಾಭ ಬರುತ್ತದೆಂದು ಅದು ಹೇಳುವುದಿಲ್ಲ. ಇಲ್ಲಿಯೂ ತಕ್ಕಡಿ ಸರಿಯಿರಬಹುದು. ಆದರೆ ಪ್ರತಿ ನೂರು ರೂಪಾಯಿ ಪಣಕ್ಕೆ ಸರಾಸರಿ ಒಂದು ರೂಪಾಯಿ ಆಡಿಸುವವನದೆಂದು ಮೊದಲೇ ಬರೆದಿಟ್ಟಾಗಿದೆ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಮೋಸ ಮಾಡದೆಯೇ ನಮ್ಮ ಜೇಬು ಬರಿದಾಗುವುದಾದರೆ ಅವರು ಮೋಸವನ್ನೇಕೆ ಮಾಡಬೇಕು?

ಹಾಗೆಂದು ಈ ಲೋಕದಲ್ಲಿ ಕಳ್ಳತನವಿಲ್ಲವೆಂದಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದ ಹ್ಯಾಕರ್‌ನೊಬ್ಬನ ಮೇಲೆ ಆನ್‌ಲೈನ್ ಪೋಕರ್ ತಾಣಗಳಿಗೆ ಕನ್ನ ಹಾಕಿದ ಆರೋಪವಿತ್ತು. ಬಿಟ್‌ಕಾಯಿನ್ ಹಗರಣವೆಂಬ ಹೆಸರಿನಲ್ಲಿ ಅದು ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಅತಿದೊಡ್ಡ ಕ್ರಿಪ್ಟೋ ಜೂಜಿನ ತಾಣವೊಂದರಿಂದ ಸುಮಾರು 4.1 ಕೋಟಿ ಡಾಲರ್ ಕಳವಾಯಿತು. ಅದು ಉತ್ತರ ಕೊರಿಯದ ಹ್ಯಾಕರ್‌ಗಳ ಕೆಲಸವೆಂದು ಅಮೆರಿಕದ ಎಫ್‌ಬಿಐ ಹೇಳಿತು.

ಮೆಟ್ಟಿಲು ಮತ್ತು ಪ್ರಪಾತ

ಶೇಕಡಾ ಒಂದು ತಾನೇ, ಅದೇನು ಮಹಾ ಎಂದು ಯಾರಾದರೂ ಕೇಳಬಹುದು. ಸ್ವಲ್ಪ ಲೆಕ್ಕ ಮಾಡೋಣ. ಈ ತಾಣಗಳ ದಾಳದ ಆಟದಲ್ಲಿ ಬೆರಳಾಡಿಸುವ ಕಷ್ಟವೂ ಇಲ್ಲ, ಯಂತ್ರವೇ ತಾನಾಗಿ ಪಣ ಹೂಡುತ್ತಾ ಹೋಗುತ್ತದೆ. ಗಂಟೆಗೆ 500 ಸುತ್ತು, ಸುತ್ತಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ಗಂಟೆಗೆ 10,000 ರೂಪಾಯಿಯ ಪಣ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 6 ಲಕ್ಷ ರೂಪಾಯಿಯ ಪಣ. ಅದರ ಶೇ. 1 ಎಂದರೆ 6,000 ರೂಪಾಯಿ. ಅವನ ಕೈಯಲ್ಲಿ ಯಾವಾಗಲೂ ಇದ್ದದ್ದು ಎರಡು ಮೂರು ಸಾವಿರ ಮಾತ್ರ. ಅದೇ ಹಣ ಮತ್ತೆ ಮತ್ತೆ ತಿರುಗಿದ್ದರಿಂದ ಆರು ಲಕ್ಷದ ವಹಿವಾಟಾಯಿತು. ಹಣ ಹೋದದ್ದು ಹನಿ ಹನಿಯಾಗಿ. ಆದ್ದರಿಂದ ಅವನಿಗೆ ಅದು ತಿಳಿಯಲೇ ಇಲ್ಲ.

ಇದನ್ನು ಗೆಲ್ಲುವ ತಂತ್ರವೆಂದು ಎಲ್ಲೆಡೆ ಹೇಳಿಕೊಡುವುದು ಇಮ್ಮಡಿಗೊಳಿಸುವ ವಿದ್ಯೆಯನ್ನು. ಹತ್ತು ರೂಪಾಯಿ ಸೋತರೆ ಇಪ್ಪತ್ತು ಹಾಕು, ಅದೂ ಸೋತರೆ ನಲವತ್ತು ಹಾಕು. ಎಂದಾದರೂ ಒಮ್ಮೆ ಗೆದ್ದರೆ ಸೋತದ್ದೆಲ್ಲ ಬಂದು ಹತ್ತು ರೂಪಾಯಿ ಲಾಭವೂ ಉಳಿಯುತ್ತದೆ ಎಂಬುದು ಅವರ ವಾದ. ಇದರ ನಕ್ಷೆ ಬಿಡಿಸಿದರೆ ನೋಡಲು ಬಹಳ ಚೆಂದ. ಹತ್ತು ಹತ್ತು ರೂಪಾಯಿಯ ಮೆಟ್ಟಿಲುಗಳು ಸಾಲಾಗಿ ಮೇಲೇರುತ್ತವೆ. ಹುಡುಗರು ಗೆಳೆಯರಿಗೆ ಕಳುಹಿಸುವುದು ಈ ಮೆಟ್ಟಿಲಿನ ಚಿತ್ರವನ್ನೇ.

ಆದರೆ ಸತತವಾಗಿ ಹತ್ತು ಸಲ ಸೋತರೆ? 10, 20, 40 ಎಂದು ಕೂಡಿಸುತ್ತಾ ಹೋದರೆ ಹತ್ತನೆಯ ಸೋಲಿಗೆ ಕೈಬಿಟ್ಟು ಹೋದ ಮೊತ್ತ 10,230 ರೂಪಾಯಿ. ಹನ್ನೊಂದನೆಯ ಪಣಕ್ಕೆ 10,240 ರೂಪಾಯಿ ಬೇಕು. ಗೆದ್ದರೆ ಸಿಗುವ ಲಾಭ ಅದೇ ಹತ್ತು ರೂಪಾಯಿ. ಹತ್ತು ಸೋಲು ಒಟ್ಟಿಗೆ ಬರುವುದು ಅಪರೂಪವೇ? ಸರಾಸರಿ 927 ಸಲ ಆರಂಭಿಸಿದರೆ ಒಮ್ಮೆ ಬರುತ್ತದೆ. ಅಷ್ಟಕ್ಕೆ ಬೇಕಾಗುವುದು ಸುಮಾರು 1,900 ಸುತ್ತುಗಳು, ಅಂದರೆ ದಿನಕ್ಕೆ ಎರಡು ಗಂಟೆಯಂತೆ ಎರಡೇ ದಿನ. ಉಳಿದ 926 ಸಲ ಗೆದ್ದು ಕೂಡಿಟ್ಟದ್ದು 9,260 ರೂಪಾಯಿ, ಒಂದೇ ಏಟಿಗೆ ಹೋದದ್ದು 10,230. ಮೆಟ್ಟಿಲುಗಳ ಕೊನೆಯಲ್ಲಿರುವುದು ಪ್ರಪಾತ. ಚಿತ್ರ ಕಳುಹಿಸುವಾಗ ಮಾತ್ರ ಪ್ರಪಾತಕ್ಕೆ ಮುಂಚಿನ ತುಣುಕನ್ನು ಕತ್ತರಿಸಿಕೊಳ್ಳಲಾಗುತ್ತದೆ.

ಹಾಗಾದರೆ ಜೂಜಿನಲ್ಲಿ ಪ್ಯಾಟರ್ನ್ ಇಲ್ಲವೇ? ಇದೆ. ಆದರೆ ಅದಿರುವುದು ಆಟದಲ್ಲಲ್ಲ, ಆಡುವವನಲ್ಲಿ. ಸೋತ ಮೇಲೆ ಅವನು ಪಣವನ್ನು ಎಷ್ಟು ಹೆಚ್ಚಿಸುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಮರಳಿ ಬರುತ್ತಾನೆ, ಸಂಬಳ ಬಂದ ದಿನ ಎಷ್ಟು ತುಂಬುತ್ತಾನೆ, ಯಾವ ಸೋಲಿನ ನಂತರ ಬಿಟ್ಟುಹೋಗುವ ಮನಸ್ಸು ಮಾಡುತ್ತಾನೆ ಎಂಬುದರಲ್ಲಿ ಖಚಿತವಾದ ಕ್ರಮವಿರುತ್ತದೆ. ಆ ನಕ್ಷೆ ಹುಡುಗನ ಕೈಯಲ್ಲಿಲ್ಲ, ಕಂಪೆನಿಯ ಕೈಯಲ್ಲಿದೆ. ಅವನು ಬಿಟ್ಟುಹೋಗುವ ಹೊತ್ತಿಗೇ ಬೋನಸ್ಸಿನ ಸಂದೇಶ ಬರುತ್ತದೆ. ಅವನು ಯಂತ್ರವನ್ನು ಓದುತ್ತಿದ್ದೇನೆಂದು ತಿಳಿದಿದ್ದಾನೆ, ವಾಸ್ತವದಲ್ಲಿ ಯಂತ್ರವೇ ಅವನನ್ನು ಓದುತ್ತಿದೆ.

ಬಿಟ್‌ಕಾಯಿನ್ನಿನ ಆರಂಭದ ದಿನಗಳಲ್ಲಿ, 2012ರಲ್ಲಿ, ಸತೋಶಿಡೈಸ್ ಎಂಬ ದಾಳದ ತಾಣ ಶುರುವಾಯಿತು. ಒಂದು ಹಂತದಲ್ಲಿ ಬಿಟ್‌ಕಾಯಿನ್ ಜಾಲದ ವಹಿವಾಟುಗಳಲ್ಲಿ ಅರ್ಧದಷ್ಟು ಅದರದೇ ಆಗಿತ್ತು. ಅಲ್ಲಿನ ಪ್ರತಿ ಪಣವೂ ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಯಾರು ಬೇಕಾದರೂ ಅದನ್ನು ತೆರೆದು ನಕ್ಷೆ ಬಿಡಿಸಬಹುದಿತ್ತು. ಹೀಗೆ ಎಲ್ಲವೂ ಬೆಳಕಿನಲ್ಲಿದ್ದ ಆ ಆಟದಿಂದಲೂ ನಿಶ್ಚಿತ ಲಾಭ ಪಡೆದವರು ಮಾಲೀಕರೇ. 2013ರಲ್ಲಿ ಆ ತಾಣ 1,26,315 ಬಿಟ್‌ಕಾಯಿನ್‌ಗಳಿಗೆ ಮಾರಾಟವಾಯಿತು. ಇಂದಿನ ಬಹುಪಾಲು ತಾಣಗಳಲ್ಲಿ ಹಣ ಒಳಗೆ ಬಂದದ್ದು, ಹೊರಗೆ ಹೋದದ್ದು ಮಾತ್ರ ಬಹಿರಂಗ. ನಡುವಿನ ಪಣಗಳೆಲ್ಲ ಕಂಪೆನಿಯ ಸ್ವಂತ ಪುಸ್ತಕದಲ್ಲಿ ಅಡಗಿರುತ್ತವೆ.

ಮನೆಯ ಲೆಕ್ಕ

ಈ ಗೆರೆಗಳು ಕೊನೆಗೆ ಬಂದು ಮುಟ್ಟುವುದು ನಮ್ಮ ಅಡುಗೆಮನೆಗೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರಿನ ಹಳೆಯ ರಸ್ತೆಯ ಪಕ್ಕದ ಹೋಟೆಲು, ಹಣ್ಣಿನಂಗಡಿಗಳ ವ್ಯಾಪಾರ ಕುಗ್ಗಿದ್ದನ್ನು ನೀವು ಬಲ್ಲಿರಿ. ಬರುವ ಗಿರಾಕಿ ಕಡಿಮೆಯಾದಾಗ, ಅಂಗಡಿಯಲ್ಲಿ ಸುಮ್ಮನೆ ಕುಳಿತ ಯುವಕನಿಗೆ ಮೊಬೈಲು ಆಸೆ ತೋರಿಸುತ್ತದೆ. ಮೊದಲು ಗಲ್ಲಾಪೆಟ್ಟಿಗೆಯ ಹಣ, ನಂತರ ಆ್ಯಪ್ ಸಾಲ, ನಂತರ ಮೀಟರ್ ಬಡ್ಡಿ, ಕೊನೆಗೆ ತಾಯಿಯ ಹೆಸರಿನಲ್ಲಿರುವ ಸಂಘದ ಸಾಲ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳದಿಂದ ಮಂಡ್ಯವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಜನ ಊರು ಬಿಟ್ಟದ್ದು, ಪ್ರಾಣ ಬಿಟ್ಟದ್ದು, 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ನಮ್ಮ ನೆನಪಿನಲ್ಲಿದೆ. ಆ ಸಾಲಗಳ ಹಿಂದೆ ಬೆಳೆನಷ್ಟವಿತ್ತು, ಕಾಯಿಲೆಯಿತ್ತು, ಮದುವೆಯ ಖರ್ಚಿತ್ತು. ಅಂಥ ಹೊರೆ ಹೊತ್ತ ತಾಯಿಯ ತಲೆಯ ಮೇಲೆ ಮಗನ ಜೂಜಿನ ಸಾಲವನ್ನೂ ಹೇರಿದರೆ ಅವಳು ಎಲ್ಲಿಗೆ ಹೋಗಬೇಕು?

ಇನ್ನೊಂದು ಅಪಾಯವಿದೆ. ಹಣ ಕಳೆದುಕೊಂಡ ಹುಡುಗನಿಗೆ, 'ನಿನ್ನ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ' ಎನ್ನುವವರು ಸಿಗುತ್ತಾರೆ. ಆ ಖಾತೆಯ ಮೂಲಕ ಎಲ್ಲೋ ವಂಚನೆಗೊಳಗಾದವರ ಹಣ ಹಾದುಹೋಗುತ್ತದೆ. ಪೊಲೀಸರು ಬರುವುದು ಖಾತೆಯಲ್ಲಿ ಹೆಸರಿದ್ದವನ ಮನೆಗೆ. ಒಂದು ದಿನ ಬೆಳಿಗ್ಗೆ ಬೇರೆ ರಾಜ್ಯದ ಪೊಲೀಸರು ಬಾಗಿಲು ತಟ್ಟಿದಾಗ ಅಮಾಯಕ ತಂದೆಯ ಪಾಡೇನು?

ಕುರ್‌ಆನಿನ ಅಲ್‌ಮಾಇದಃ ಅಧ್ಯಾಯದ 90 ಮತ್ತು 91ನೆಯ ಸೂಕ್ತಗಳು ಜೂಜನ್ನು ಮದ್ಯದ ಜೊತೆಗೇ ಹೆಸರಿಸಿವೆ. ಅಲ್ಲಿ ಹಣ ನಷ್ಟವಾಗುತ್ತದೆ ಎಂಬುದಕ್ಕಿಂತ, ಮನುಷ್ಯರ ನಡುವೆ ಹಗೆತನ ಹುಟ್ಟುತ್ತದೆ, ದೇವಸ್ಮರಣೆ ಮತ್ತು ನಮಾಝ್‌ನಿಂದ ಮನುಷ್ಯ ದೂರವಾಗುತ್ತಾನೆ ಎಂಬುದೇ ಮುಖ್ಯ ಕಾರಣವಾಗಿ ಬಂದಿದೆ. ಇದನ್ನು ಗಮನವಿಟ್ಟು ಯೋಚಿಸಿ. ಗೆದ್ದವನಿಗೂ ಜೂಜು ನಿಷಿದ್ಧ. ಏಕೆಂದರೆ ಅವನ ಗೆಲುವು ಕಾಣದ ಊರಿನ ಇನ್ನೊಬ್ಬ ತಾಯಿಯ ಕಣ್ಣೀರು.

ನಾವೇನು ಮಾಡಬೇಕು?

ಮೊದಲನೆಯದಾಗಿ, ಹೊಡೆದು ಬೈದು ಮನೆಯಿಂದ ಹೊರಹಾಕುವುದು ಪರಿಹಾರವಲ್ಲ. ಜೂಜು ಪಾಪವಾಗಿರುವಂತೆಯೇ ಒಂದು ಹಂತದ ನಂತರ ಕಾಯಿಲೆಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ವ್ಯಸನಕ್ಕೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವಲ್ಲ. ಮೊಬೈಲಿನ ಅತಿಬಳಕೆಗೆ ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗ ಅಲ್ಲಿ 2014ರಿಂದಲೂ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಣದ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. 2025ರ ಕೇಂದ್ರ ಕಾಯ್ದೆಯು ಆಡಿಸುವವರಿಗೆ, ಜಾಹೀರಾತು ನೀಡುವವರಿಗೆ, ಹಣ ಸಾಗಿಸುವವರಿಗೆ ಶಿಕ್ಷೆ ವಿಧಿಸುತ್ತದೆಯೇ ಹೊರತು ಆಡಿ ಸೋತವನಿಗಲ್ಲ. ಆದ್ದರಿಂದ ಕೇಸಿಗೆ ಹೆದರಿ ಬಚ್ಚಿಡುವ ಅಗತ್ಯವಿಲ್ಲ.

ಎರಡನೆಯದಾಗಿ, ನಿಜವಾದ ನಕ್ಷೆಯನ್ನು ಮನೆಯಲ್ಲೇ ಬಿಡಿಸಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರು ತಿಂಗಳ ಬ್ಯಾಂಕ್ ವಿವರ ತೆಗೆಯಿರಿ. ಹೊರಹೋದ ಹಣವನ್ನೆಲ್ಲ ಒಂದು ಸಾಲಿನಲ್ಲಿ, ಒಳಬಂದದ್ದನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ತಿಂಗಳಿಗೊಂದು ಚುಕ್ಕೆಯಿಟ್ಟು ಗೆರೆ ಎಳೆಯಿರಿ. ಲೆಕ್ಕ ಬಲ್ಲ ಹುಡುಗನಿಗೆ ಉಪದೇಶಕ್ಕಿಂತ ಆ ಗೆರೆ ಹೆಚ್ಚು ಪರಿಣಾಮ ಬೀರುತ್ತದೆ. ಅವನು ಮರೆತ ಪ್ರಪಾತಗಳೆಲ್ಲ ಅದರಲ್ಲಿ ಕಾಣಿಸುತ್ತವೆ.

ಮೂರನೆಯದಾಗಿ, ಮೀಟರ್ ಬಡ್ಡಿಯ ಬಾಗಿಲಿಗೆ ಹೋಗುವ ಮೊದಲು ಬರಬಹುದಾದ ಒಂದು ಬಾಗಿಲನ್ನು ಮಹಲ್ಲಾಗಳು ತೆರೆದಿಡಬೇಕು. ಬಡ್ಡಿರಹಿತ ಸಾಲದ ಸಣ್ಣ ನಿಧಿ, ಗುಟ್ಟು ಕಾಪಾಡುವ ಇಬ್ಬರು ಹಿರಿಯರು, ವ್ಯಾಪಾರ ಕುಸಿದವನಿಗೆ ಕೆಲಸ ಹುಡುಕಿಕೊಡುವ ಒಬ್ಬರು. ಇಷ್ಟಿದ್ದರೂ ಸಾಕು. ಖುತ್ಬಾದಲ್ಲಿ ಜೂಜನ್ನು ಖಂಡಿಸುವ ನಾವು, ಜೂಜಿನಿಂದ ಹೊರಬರಲು ಕೈ ಚಾಚಿದವನಿಗೆ ಏನನ್ನು ಕೊಡುತ್ತೇವೆಂಬುದನ್ನೂ ಯೋಚಿಸಬೇಕಲ್ಲವೇ?

ಕೊನೆಯದಾಗಿ ಯುವಕರಲ್ಲಿ ಒಂದು ಮಾತು. ಗೆರೆಗಳನ್ನು ಓದುವ, ಅಂಕಿಗಳಲ್ಲಿ ಕ್ರಮ ಹುಡುಕುವ ನಿಮ್ಮ ಶಕ್ತಿ ಅಲ್ಲಾಹನು ಕೊಟ್ಟ ಅನುಗ್ರಹ. ಅದನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಮಳೆಯ ಲೆಕ್ಕವಿದೆ, ಕಬ್ಬಿನ ಲೆಕ್ಕವಿದೆ, ಮಾರುಕಟ್ಟೆಯ ಲೆಕ್ಕವಿದೆ, ಆಸ್ಪತ್ರೆಗಳಲ್ಲಿ ರೋಗಗಳ ಲೆಕ್ಕವಿದೆ. ನೆನಪಿರುವ ಇಂಥ ಅಂಕಿಗಳು ನಿಮ್ಮ ಬುದ್ಧಿಗಾಗಿ ಕಾಯುತ್ತಿವೆ. ಅವುಗಳನ್ನು ಓದಿದವನಿಗೆ ಉದ್ಯೋಗವಿದೆ, ಊರಿಗೆ ಉಪಕಾರವಿದೆ. ನೆನಪಿಲ್ಲದ ಯಂತ್ರದ ಮುಂದೆ ಕುಳಿತು ಆ ಬುದ್ಧಿಯನ್ನು ಸವೆಸಬೇಡಿ.

ಅಲ್ಲಾಹನು ನಮ್ಮ ಮನೆಗಳನ್ನೂ ಮಕ್ಕಳನ್ನೂ ಕಾಪಾಡಲಿ. ಆಮೀನ್.